ಸಾಂತಯ್ಯನವರು ಉಂಡ ಮೀಸಲು

ಎಷ್ಟೋ ಶತಮಾನಗಳ ಹಿಂದೆ, ಮಲಪ್ರಭೆಯ ದಂಡೆಯ ಮುದುವೊಳಲಿನಲ್ಲಿ ಪೂಜ್ಯ ಸಾಂತಯ್ಯನವರು ಪುಂಡಿನಾರಿನ ಹಗ್ಗ ಹೊಸೆದು ಬಾಳುತ್ತಿದ್ದರು. ಮಠವಿಲ್ಲ, ಪೀಠವಿಲ್ಲ, ಊರ ಕಣಗಳ ಮಗ್ಗುಲಿಗೆ ಒಂದು ಬೇವಿನ ಮರ, ಅದರಡಿ ಗುಡಿಸಲು, ಅಷ್ಟೇ. ಅಂಥ ಮಹಾತ್ಮರು ಹಗ್ಗ ಹೊಸೆಯುವುದೇ ಎಂದರೆ, ಹೌದು ಮತ್ತೆ. ತೊಡೆಯ ಮೇಲೆ ನಾರಿಟ್ಟು ಉಜ್ಜುತ್ತಲೇ ಶಿವನಾಮ ಹೇಳುವರು. ಸುಗ್ಗಿಯಲ್ಲಿ ರಾಶಿಯ ಮೊದಲ ಬೊಗಸೆಯನ್ನು ಅವರಿಗೆ ಮೀಸಲು ಎತ್ತುವುದು ಊರ ನೇಮ. ಅದು ಅವರ ಕೈ ಸೇರುವ ತನಕ ಯಾರೂ ಹೊಸ ಕಾಳು ಬಾಯಿಗೆ ಹಾಕುವಂತಿಲ್ಲ. ರಾಶಿ ಅಳೆಯುವ ದಿನವಂತೂ, ಅಳತೆ ಮುಗಿಯುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ.

ಈ ನೇಮದಲ್ಲಿ ಬೂಚಗೌಡನ ಹೆಂಡತಿ ಚಾಕವ್ವೆಯನ್ನು ಮೀರಿಸುವವರಿರಲಿಲ್ಲ. ಕಣದ ಸುತ್ತ ಸಗಣಿ ಸಾರಿಸಿ, ಕೆರವು ಮೆಟ್ಟಿದವರನ್ನು ದೂರದಿಂದಲೇ ಗದರಿಸಿ, ರಾಶಿಯನ್ನು ಹಸುಗೂಸಿನಂತೆ ಕಾಯುವ ಹೆಂಗಸು.

ಆ ವರ್ಷ ಬೂಚಗೌಡನ ಮನೆಯವರು ರಾಶಿ ಮಾಡುವ ಪಾಳಿಯ ದಿನ ಗಾಳಿಯೇ ಬೀಸಲಿಲ್ಲ. ಗಾಳಿಯಿಲ್ಲದೆ ಜೋಳ ತೂರುವುದೆಂತು? ಗಂಡಸರು ಮೊರ ಹಿಡಿದು ಆಕಾಶ ನೋಡುತ್ತ ನಿಂತರು. ಹೊತ್ತು ನೆತ್ತಿ ದಾಟಿದ ಮೇಲೆ ಪಡುವಣ ಗಾಳಿ ಎದ್ದಿತು, ಹೊಟ್ಟು ಹಾರಿತು, ಬಿಳಿಜೋಳದ ರಾಶಿ ಬೆಳೆಯಿತು. ಇನ್ನೇನು ಮೀಸಲು ಎತ್ತಬೇಕು. ಬಾಣಂತಿ ಸೊಸೆ ಸೋವಿ ಕಾಣಿಸಲಿಲ್ಲ.

ಚಾಕವ್ವೆ ಬಣವೆಯ ಹಿಂದೆ ಹೋಗಿ ನೋಡಿದಳು. ನಿಂತ ಕಾಲು ನಿಂತಲ್ಲೇ ಉಳಿಯಿತು. ಎದೆಗೆ ಕೂಸನ್ನು ಒತ್ತಿಕೊಂಡ ಸೋವಿ ಹೊಸ ಜೋಳ ಜಗಿಯುತ್ತಿದ್ದಳು.

"ಉಗುಳು." ಚಾಕವ್ವೆ ಅವಳ ದವಡೆ ಹಿಡಿದಳು. "ಉಗುಳೇ ಮೊದಲು."

ಸೋವಿ ಉಗುಳಿದಳು. "ಎದೆಯಾಗ ಹಾಲು ಬತ್ತಿತ್ತು ಅತ್ತೆವ್ವ. ಕೂಸು ಅಳೋದು ಬಿಡಲೊಲ್ಲದು."

"ನಾ ಹಡೆದಾಗ ಉಪವಾಸ ಇರಲಿಲ್ಲೇನು? ನಿಮ್ಮ ತವರಾಗ ದೇವರಿಗಿಂತ ಮೊದಲು ನೀವೇ ಉಣ್ಣತೀರೇನು?"

ಬೂಚಗೌಡ ಓಡಿ ಬಂದ. ವಿಷಯ ತಿಳಿದು ತಲೆಯ ಮೇಲೆ ಕೈಯಿಟ್ಟು ಕುಳಿತ. ವರ್ಷದ ಅನ್ನವೆಲ್ಲ ಎಂಜಲಾಯಿತು. ಈ ಕಾಳು ನೆಲದೊಳಗಿನ ಹಗೇವಿಗೆ ಸುರಿದರೆ ಹುಳ ಬೀಳುವುದು ಖಂಡಿತ ಎಂದ. ಮಗ, ಸೋವಿಯ ಗಂಡ, ಎತ್ತಿನ ಹಗ್ಗ ಹಿಡಿದು ನೆಲ ನೋಡುತ್ತಿದ್ದ.

"ಹೊತ್ತು ಮುಳುಗೋದರೊಳಗ ಇವಳು ಕೂಸಿನ ಜೊತೆ ತವರಿಗೆ ಹೋಗಲಿ. ತಿರುಗಿ ಬರೋದು ಬೇಡ," ಎಂದಳು ಚಾಕವ್ವೆ. "ಅಯ್ಯನವರ ಬಾಯಿಂದಲೇ ಅನ್ನಿಸ್ತೀನಿ."

ಅನ್ನಿಸಲು ಹೋಗಬೇಕಾಗಲಿಲ್ಲ. ಕೂಗಾಟ ಕೇಳಿ ಸಾಂತಯ್ಯನವರೇ ಬರುತ್ತಿದ್ದರು. ಚಾಕವ್ವೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಶಾಂತವಾಗಿ ಕೇಳಿಸಿಕೊಂಡರು.

"ಮೀಸಲು ಯಾರಿಗೆ, ತಾಯಿ?"

"ನಿಮಗೇ, ಅಯ್ಯಾ."

ಸಾಂತಯ್ಯನವರು ಬಾಗಿದರು. ಸೋವಿ ಉಗುಳಿದ್ದ ಅರೆಜಗಿದ ಕಾಳುಗಳನ್ನು ಮಣ್ಣಿನಿಂದ ಆಯ್ದರು, ಊದಿದರು, ಬಾಯಿಗೆ ಹಾಕಿಕೊಂಡರು.

ಚಾಕವ್ವೆಯ ಕೈಯಿಂದ ಮೊರ ಜಾರಿತು. ಯಾರ ಪಾದ ತೊಳೆದ ನೀರನ್ನು ತಾನು ತಲೆಗೆ ಹಚ್ಚಿಕೊಳ್ಳುತ್ತಿದ್ದಳೋ ಆ ಅಯ್ಯನವರು ತನ್ನ ಸೊಸೆಯ ಎಂಜಲನ್ನು, ತನ್ನ ಕಣ್ಣೆದುರೇ, ಮೆಲ್ಲಗೆ, ಪ್ರಸಾದದಂತೆ ಅಗಿಯುತ್ತಿದ್ದರು.

ಸಾಂತಯ್ಯನವರು ನುಂಗಿದರು. "ನನ್ನ ಮೀಸಲು ನನಗೆ ಮುಟ್ಟಿತು," ಎಂದರು. "ಈಗ ನಾನೂ ನಿಮ್ಮ ಸೊಸೆಯೂ ಒಂದೇ ಎಂಜಲು ತಿಂದವರು. ಅವಳನ್ನು ಕಳಿಸುವುದಾದರೆ ನನ್ನನ್ನೂ ಊರಾಚೆ ಕಳಿಸಿ, ತಾಯಿ."

ಬಣವೆಯ ನೆರಳಿಗೆ ಹೋಗಿ, ಸೊಂಟದ ನಾರು ಬಿಚ್ಚಿ, ಹೊಸೆಯುತ್ತ ಕುಳಿತರು; ತೀರ್ಪಿಗೆ ಕಾಯುವ ಅಪರಾಧಿಯ ಹಾಗೆ.

ಕೂಸು ಬರಿದಾದ ಎದೆಯನ್ನು ಚೀಪಿ ಚೀಪಿ ಅಳುತ್ತಿತ್ತು. ಬೆಳಗಿನಿಂದ ಆ ಅಳು ಚಾಕವ್ವೆಯ ಕಿವಿಗೆ ಬೀಳುತ್ತಲೇ ಇತ್ತು, ಕೇಳಿಸಿದ್ದು ಈಗ. ಅವಳು ಕೂತಳು. ಮಣ್ಣಿನಲ್ಲಿ ಉಳಿದಿದ್ದ ಒಂದೆರಡು ಕಾಳು ಹುಡುಕಿ ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಆಮೇಲೆ ಕೂಸನ್ನು ಎತ್ತಿಕೊಂಡು ಸೋವಿಯ ರಟ್ಟೆ ಹಿಡಿದಳು.

"ಏಳವ್ವ. ಒಲೆ ಹಚ್ಚೋಣ ನಡಿ."

"ರಾಶಿ ಇನ್ನೂ ಅಳೆದಿಲ್ಲಲ್ಲ," ಎಂದ ಬೂಚಗೌಡ, ದನಿ ಸೋತು.

"ನೀವು ಅಳೀರಿ. ನನ್ನ ಸೊಸಿ ಹಸಿದಾಳ."

ರಾಶಿ ಅಳೆಯುವುದಕ್ಕೆ ಮುಂಚೆ ಮುದುವೊಳಲಿನ ಮನೆಯೊಂದರಿಂದ ಹೊಗೆ ಎದ್ದದ್ದು ಅದೇ ಮೊದಲು.