ಗಿಳಿರಾಯರ ಮೊದಲ ರೋಗಿ

ಗಿಳಿರಾಯರು ಪಶುವೈದ್ಯ ಕಾಲೇಜಿನಲ್ಲಿ ಚಿನ್ನದ ಪದಕ ಗಳಿಸಿ ಬಂದು ಆಲದ ಮರಕ್ಕೆ ಬೋರ್ಡು ಹಾಕಿದ ದಿನವೇ ಎಮ್ಮೆಯೊಂದು ಕುಂಟುತ್ತ ಬಂತು.

"ಸ್ವಾಮಿ, ಹಿಂಗಾಲು ಊರೋಕಾಗ್ತಿಲ್ಲ."

ಇಂಥದೊಂದು ಪ್ರಶ್ನೆಗಾಗಿಯೇ ರಾಯರು ಐದು ವರ್ಷ ಕಾದಿದ್ದರು. ಎಮ್ಮೆ ಕುಂಟುವುದಕ್ಕೆ ಇರುವ ನಲವತ್ತೊಂದು ಕಾರಣಗಳನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸತೊಡಗಿದರು. ಹತ್ತೊಂಬತ್ತನೆಯದಕ್ಕೆ ಬಂದಾಗ ಎಮ್ಮೆ ಮೆಲ್ಲಗೆ ಕೇಳಿತು, "ಒಂದು ಸಲ ಗೊರಸು ನೋಡ್ತೀರಾ?"

ರಾಯರಿಗೆ ಅವಮಾನವಾಯಿತು. "ನೋಡುವುದೇನು? ರೆಕಾರ್ಡ್ ಪುಸ್ತಕದಲ್ಲಿ ಗೊರಸಿನ ಚಿತ್ರವನ್ನು ಮೂರು ಬಣ್ಣದಲ್ಲಿ ಬಿಡಿಸಿದ್ದೇನೆ. ಪ್ರಾಕ್ಟಿಕಲ್‌ನಲ್ಲಿ ಐವತ್ತಕ್ಕೆ ಐವತ್ತು! ಸಗಣಿ ಮೆತ್ತಿದ ಗೊರಸು ಆ ಪುಸ್ತಕದಲ್ಲಿ ಇರಲೇ ಇಲ್ಲ. ಇಪ್ಪತ್ತನೆಯ ಕಾರಣ..."

ಎಮ್ಮೆಯ ಬೆನ್ನ ಮೇಲೆ ಉಣ್ಣೆಹುಳ ಹೆಕ್ಕುತ್ತಿದ್ದ ಗೊರವಂಕ ಕೆಳಗಿಳಿಯಿತು. "ಅಕ್ಕಾ, ಕಾಲೆತ್ತು" ಎಂದು ಗೊರಸಿನ ಸಂದಿಗೆ ಕೊಕ್ಕು ತೂರಿಸಿ, ಜಾಲಿಮುಳ್ಳೊಂದನ್ನು ಕಿತ್ತು ಎಸೆಯಿತು. ಎಮ್ಮೆ ಕಾಲೂರಿ ನಡೆದೇಬಿಟ್ಟಿತು.

"ನಿಲ್ಲು!" ಎಂದು ರಾಯರು ಕೂಗಿದರು. "ಮುಳ್ಳು ಮೂವತ್ತೇಳನೆಯ ಕಾರಣ. ನಾನಿನ್ನೂ ಅಲ್ಲಿಗೆ ಬಂದೇ ಇಲ್ಲ!"

ಮರುವರ್ಷ ಗೊರವಂಕ ತಾನೂ ಪಶುವೈದ್ಯ ಪರೀಕ್ಷೆಗೆ ಹೋಯಿತು. ಅಷ್ಟರಲ್ಲಿ ಪರೀಕ್ಷಕರಾಗಿ ಬಡ್ತಿ ಪಡೆದಿದ್ದ ಗಿಳಿರಾಯರು "ಅಭ್ಯರ್ಥಿಯ ಕೊಕ್ಕಿಗೆ ಸಗಣಿ ಮೆತ್ತಿದೆ" ಎಂದು ಷರಾ ಬರೆದು ಫೇಲು ಮಾಡಿದರು.

ಎಮ್ಮೆಗಳಿಗೆ ಓದು ಬಾರದು. ಅವು ಈಗಲೂ ರಾಯರ ಬೋರ್ಡಿನ ಕೆಳಗೇ ಹಾದುಹೋಗಿ, ಗೊರವಂಕನ ಮುಂದೆ ಕಾಲೆತ್ತಿ ನಿಲ್ಲುತ್ತವೆ.