ಚೌಡಣ್ಣ ಕಲಿತ ಇಂಗ್ಲಿಷ್ ಮಾತು

ನಗೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಕೂತ್ಕೊಳ್ಳಿ. ಒಂದೂರಲ್ಲಿ ನಿಂಗಾಜಮ್ಮ, ಅವಳಿಗೆ ಚೌಡಣ್ಣ ಅಂತ ಒಬ್ಬನೇ ಮಗ. ಆಳು ಬೆಳೆದಿದ್ದ, ಬುದ್ಧಿ ಬೆಳೆಯೋದು ಮರೆತಿತ್ತು. ಧೈರ್ಯಕ್ಕೆ ಮಾತ್ರ ಏನೂ ಕಮ್ಮಿಯಿಲ್ಲ!

ಪಕ್ಕದೂರಿನ ಪಾಪಣ್ಣ ಮೇಷ್ಟ್ರ ಮಗಳು ಸಾಕಮ್ಮನನ್ನು ಸೊಸೆಯಾಗಿ ತರಬೇಕು ಅಂತ ನಿಂಗಾಜಮ್ಮನಿಗೆ ಬಲು ಆಸೆ. ಮೇಷ್ಟ್ರಿಗೊಂದು ಚಟ. ಯಾರು ಬಂದರೂ ಮಜ್ಜಿಗೆ ಕೊಡೋ ಮುಂಚೆ ಒಂದು ಇಂಗ್ಲಿಷ್ ಮಾತು ಹಿಡಿದು ಅದು ಹುಟ್ಟಿದ್ದು ಹೇಗೆ ಅಂತ ಹೇಳಲೇಬೇಕು.

"ಹೋಗ್ಲಾ ಮಗ, ಮೇಷ್ಟ್ರ ಮಾತು ಕೇಳು. ಕೇಳಿದಂಗೆ ನಡ್ಕೋ!"

"ಆಗ್ಲಿ ಕಣವ್ವ!"

ಹೋದ. ಮೇಷ್ಟ್ರು ಅಂದರು, "ವಿಂಡೋ ಅಂತೀವಲ್ಲ, ಅದರ ಮೂಲ ಏನು ಗೊತ್ತಾ? ಗಾಳಿಯ ಕಣ್ಣು!" ಅವರು ಮಜ್ಜಿಗೆ ತರೋಷ್ಟರಲ್ಲಿ ಚೌಡಣ್ಣ ಸಾಕಮ್ಮನ ಕಾಡಿಗೆ ಡಬ್ಬಿ ಖಾಲಿ ಮಾಡಿ ಕಿಟಕಿಗೆಲ್ಲ ಮೆತ್ತಿದ್ದ.

"ಅಯ್ಯೋ ಮಂಕೇ!" ತಾಯಿ ಬೈದಳು. "ಅವರ ಮನೇಲಿ ಯಾವುದಕ್ಕೂ ಏನೂ ಹಚ್ಬೇಡ!"

"ಆಗ್ಲಿ ಕಣವ್ವ!"

ಮತ್ತೆ ಹೋದ. ಮೇಷ್ಟ್ರು ತೋಳು ಹಿಡಿದು ನರಳ್ತಿದ್ದರು. "ಮಸಲ್ ಹಿಡ್ಕೊಂಡಿದೆ ಕಣಪ್ಪ. ಆ ಮಾತಿನ ಮೂಲ ಪುಟ್ಟ ಇಲಿ! ತೋಳು ಮಡಚಿದ್ರೆ ಚರ್ಮದ ಕೆಳಗೆ ಇಲಿ ಓಡಿದಂಗೆ ಕಾಣುತ್ತಲ್ಲ, ಅದಕ್ಕೆ. ಸ್ವಲ್ಪ ಎಣ್ಣೆ ಹಚ್ತೀಯಾ?"

"ಹಚ್ಚಾಕಿಲ್ಲ! ಅವ್ವ ಬೇಡ ಅಂದವಳೆ. ಇಲಿ ತಾನೆ? ನಾನಿವ್ನಿ ಬಿಡಿ!" ಹಿತ್ತಲ ಬೆಕ್ಕನ್ನು ಎತ್ತಿ ತಂದು ಮೇಷ್ಟ್ರ ತೋಳಿನ ಮೇಲೆ ಬಿಟ್ಟ. ಬೆಕ್ಕು ಪರಚಿತು, ಮೇಷ್ಟ್ರು ಎರಡೂರಿಗೂ ಕೇಳೋ ಹಾಗೆ ಕಿರುಚಿದರು.

ನಿಂಗಾಜಮ್ಮ ಓಡಿ ಬಂದಳು. "ನಿನ್ನ ತಲೆ ಓಡಿಸ್ಬೇಡ ಕಣ್ಲಾ! ಮೇಷ್ಟ್ರು ಹೇಳಿದ್ದಷ್ಟು ಮಾಡು. ಹೆಚ್ಚಿಲ್ಲ, ಕಮ್ಮಿಯಿಲ್ಲ!"

ಮೇಷ್ಟ್ರು ಗಾಯಕ್ಕೆ ಉಫ್ ಉಫ್ ಅಂತ ಊದಿಕೊಳ್ಳುತ್ತಲೇ ನಕ್ಕುಬಿಟ್ಟರು. "ಬೈಬೇಡಮ್ಮ! ಇಷ್ಟು ವರ್ಷ ಪಾಠ ಹೇಳಿದ್ದೀನಿ, ನನ್ನ ಮಾತು ನೆನಪಿಟ್ಟೋನು ಇವನೊಬ್ಬನೇ. ನನ್ನ ಮಗಳು ಇವನಿಗೇ!" ಸಾಕಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ನಗಿಸೋ ಗಂಡ ಸಿಕ್ಕರೆ ಯಾರಿಗೆ ಬೇಡ?

"ಅಳಿಯಂದ್ರೇ, ಕಂಪ್ಯಾನಿಯನ್ ಅನ್ನೋ ಮಾತಿನ ಮೂಲ ಗೊತ್ತಾ? ಜೊತೇಲಿ ರೊಟ್ಟಿ ತಿನ್ನೋರು! ಗಂಡ ಹೆಂಡತಿ ಅಂದ್ರೆ ಅದೇ. ರೊಟ್ಟಿ ಹಂಚಿಕೊಂಡು ತಿಂದ ಮೇಲೆ ಕೈ ಬಿಡಬಾರದು."

"ಬಿಡಾಕಿಲ್ಲ ಮಾವ!"

ಮದುವೆ ದಿನ ನಿಂಗಾಜಮ್ಮ ಮೊದಲೇ ಚಪ್ಪರಕ್ಕೆ ಹೊರಟಳು. ಮಗನ ಕೈಗೆ ಗಂಟು ಕೊಟ್ಟಳು. "ಮುಹೂರ್ತ ತಡ. ದಾರೀಲಿ ರೊಟ್ಟಿ ತಿನ್ನು. ಒಬ್ಬನೇ ತಿನ್ಬೇಡ, ಗಾಡಿ ಹೊಡೆಯೋ ಕಾಳಯ್ಯನಿಗೂ ಕೊಡು!"

"ಆಗ್ಲಿ ಕಣವ್ವ!"

ಗಾಡಿ ಬಂತು. ವಾಲಗ ಗಕ್ಕನೆ ನಿಂತಿತು. ಮದುಮಗ ಚೌಡಣ್ಣ ಗಿರಿಜಾ ಮೀಸೆಯ ಕಾಳಯ್ಯನನ್ನು ದರದರ ಎಳೆದು ತಂದು ಹಸೆಮಣೆ ಮೇಲೆ ಕೂರಿಸಿದ.

"ಬಿಡಪ್ಪೋ, ನಂಗೆ ಹೆಂಡ್ತಿ ಮಕ್ಕಳವ್ರೆ!"

"ಬಿಡಂಗಿಲ್ಲ! ರೊಟ್ಟಿ ಹಂಚ್ಕೊಂಡು ತಿಂದಾಯ್ತು!"

ಸಾಕಮ್ಮ ಈ ಸಲ ನಗಲಿಲ್ಲ. ಹಾರ ಕೆಳಗಿಟ್ಟು ಒಳಗೆ ಹೋದಳು. ನಿಂಗಾಜಮ್ಮ ತಲೆ ಮೇಲೆ ಕೈ ಹೊತ್ತು ಅಳ್ತಾ ಕೂತಳು.

ಚೌಡಣ್ಣ ಕಾಳಯ್ಯನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು ಎದೆ ಉಬ್ಬಿಸಿ ಅಂದ, "ಯಾಕವ್ವ ಅಳ್ತೀಯ? ನೀವು ಹೇಳಿದ್ದೆಲ್ಲ ಮಾಡಿವ್ನಿ. ಕಾಳಯ್ಯನ ಅಳತೆಗೊಂದು ಬಾಸಿಂಗ ತರ್ಸು!"