ಮುಖ ಕಿವುಚದ ಗುಡ್ಡ

ಇಟಲಿಯ ಪಿಯೆಮೊಂಟೆ ಸೀಮೆಯಲ್ಲಿ, ಮೈತುಂಬ ದ್ರಾಕ್ಷಿಬಳ್ಳಿ ಹೊದ್ದ ಒಂದು ಗುಡ್ಡವಿದೆ. ಅದರ ನೆತ್ತಿಯಲ್ಲಿ ಗರಬೆಲ್ಲೊ ಮನೆತನದವರು ತಲೆಮಾರುಗಳಿಂದ ವೈನ್ ಮಾಡುತ್ತ ಬಂದ ನೆಲಮಾಳಿಗೆ. ಬಾಗಿಲಿಗೆ ಎರಡು ಬೀಗ. ಬಾಗಿಲ ಎಡಕ್ಕೊಂದು, ಬಲಕ್ಕೊಂದು ಸಮಾಧಿ. ಸತ್ತವರನ್ನು ಚರ್ಚಿನ ಅಂಗಳದಲ್ಲಿ ಹೂಳುವ ಊರಿನಲ್ಲಿ ಇವರಿಬ್ಬರು ಮಾತ್ರ ಇಲ್ಲೇಕೆ ಮಲಗಿದ್ದಾರೆ ಎಂದು ಬಂದವರು ಕೇಳುತ್ತಾರೆ. ಕಾವಲಿಗೆ ಎಂದು ಊರವರು ಹೇಳುತ್ತಾರೆ. ಯಾರು ಯಾರನ್ನು ಕಾಯುವುದು ಎಂದರೆ ಹಿರಿಯರು ಕಥೆಯನ್ನು ಮೊದಲಿನಿಂದ ಶುರುಮಾಡುತ್ತಾರೆ.

ಹಿಂದೆ ಒಮ್ಮೆ ಈ ನೆಲಮಾಳಿಗೆ ಮುದುಕ ಸೆಕೊಂದೊನ ಕೈಯಲ್ಲಿತ್ತು. ಮೊಮ್ಮಗಳು ಎರ್ಸಿಲಿಯಾ ಹುಟ್ಟಿದ ದಿನ ಆತ ಅವಳ ಹೆಸರಿನಲ್ಲಿ ಒಂದು ಪೀಪಾಯಿ ತುಂಬಿಸಿಟ್ಟ. ಹೆಣ್ಣು ಹುಟ್ಟಿದಾಗ ತುಂಬಿದ್ದನ್ನು ಮದುವೆಯ ದಿನ ತೆರೆಯುವುದು, ಅದು ಕೆಟ್ಟಿದ್ದರೆ ಗಂಡಿನವರು ಬಂದ ದಾರಿಯಲ್ಲೇ ಹಿಂತಿರುಗುವುದು ಆ ಸೀಮೆಯ ಪದ್ಧತಿ. ಪೀಪಾಯಿಯ ಮರ ವೈನನ್ನು ಸ್ವಲ್ಪ ಸ್ವಲ್ಪವೇ ಕುಡಿಯುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಸೇರಿ ಉಳಿದದ್ದು ಹುಳಿಯುತ್ತದೆ. ಅದಕ್ಕೇ ಮುದುಕ ವಾರವಾರವೂ ಪೀಪಾಯಿಗಳನ್ನು ಕಂಠಮಟ್ಟ ತುಂಬಿಸುತ್ತಿದ್ದ. ಮರ ಕುಡಿಯುತ್ತದೆ ಎಂಬುದು ಅವನ ಮಕ್ಕಳಾದ ಒದ್ದೋನೆ, ಎವಾಸಿಯೊ ಇಬ್ಬರಿಗೂ ಗೊತ್ತಿತ್ತು. ಎಷ್ಟು ಕುಡಿಯುತ್ತದೆ ಎಂಬುದನ್ನು ಮಾತ್ರ ಮುದುಕ ಹೇಳದೆ ಸತ್ತ. ಕೆಲವು ತಿಂಗಳ ಮೇಲೆ ಬಿರಡೆ ತೆಗೆದು ನೋಡಿದರೆ ವೈನ್ ಸಾಕಷ್ಟು ಇಳಿದಿತ್ತು. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಮರದ ಮುಖವನ್ನು ಯಾರೂ ನೋಡಲಿಲ್ಲ. ಮರುದಿನವೇ ಬಾಗಿಲಿಗೆ ಎರಡು ಬೀಗ ಬಿದ್ದು, ಒಬ್ಬೊಬ್ಬನ ಸೊಂಟದಲ್ಲಿ ಒಂದೊಂದು ಕೀಲಿಕೈ ಸೇರಿತು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಒಳಗೆ ಹೋಗುವಂತಿಲ್ಲ. ಜೊತೆಗೆ ಬಾ ಎಂದು ಕರೆಯಲು ಇಬ್ಬರಿಗೂ ಮನಸ್ಸಿಲ್ಲ.

ಒದ್ದೋನೆಯ ಮಗಳಾದ ಎರ್ಸಿಲಿಯಾಳ ಮದುವೆ ಬಾಸ್ತಿಯಾನನೊಂದಿಗೆ ಗೊತ್ತಾಯಿತು. ಅವನನ್ನು ಅವಳೇ ಮೆಚ್ಚಿದ್ದಳು. ಒಂದು ದಿನ ಬೀಗದ ಕಿಂಡಿಗೆ ಮೂಗಿಟ್ಟಾಗ ಒಳಗಿನಿಂದ ಹುಳಿ ವಾಸನೆ ಬಂತು. "ಅಪ್ಪಾ, ಪೀಪಾಯಿ ತುಂಬಿಸಬೇಕು" ಎಂದಳು.

"ಕುಡಿದವನು ತುಂಬಿಸಲಿ."

ಚಿಕ್ಕಪ್ಪನ ಬಳಿ ಓಡಿದಳು. "ಕುಡಿದವನು ತುಂಬಿಸಲಿ ಮಗಳೇ, ಹೋಗಿ ನಿಮ್ಮಪ್ಪನಿಗೆ ಹೇಳು" ಎಂದ ಎವಾಸಿಯೊ. ಇಡೀ ವರ್ಷದಲ್ಲಿ ಅಣ್ಣತಮ್ಮಂದಿರು ಒಮ್ಮತದಿಂದ ಆಡಿದ ಮಾತು ಅದೊಂದೇ ಎನ್ನುತ್ತಾರೆ.

ಮದುವೆಯ ದಿನ ದಿಬ್ಬಣದ ಎದುರಿನಲ್ಲಿ ಎರಡೂ ಬೀಗ ತೆರೆದವು. ಮೊದಲ ಲೋಟ ವಧುವಿನದು. ಎರ್ಸಿಲಿಯಾ ತುಟಿಗಿಟ್ಟಳು. ಶುದ್ಧ ವಿನೆಗರ್. ಅವಳು ಗಂಡಿನವರ ಕುದುರೆಗಾಡಿಯ ಕಡೆ ಒಮ್ಮೆ ನೋಡಿದಳು, ಬಾಸ್ತಿಯಾನನ ಕಡೆ ಒಮ್ಮೆ ನೋಡಿದಳು, ಲೋಟ ಬರಿದು ಮಾಡಿ ನಕ್ಕಳು. ಆಮೇಲೆ ಅಪ್ಪ ಕುಡಿದ, ಚಿಕ್ಕಪ್ಪನೂ ಕುಡಿದ, ಒಬ್ಬರ ಮೇಲೊಬ್ಬರು ಕಣ್ಣು ನೆಟ್ಟುಕೊಂಡೇ. ಮುಖ ಕಿವುಚಿದವನು ವೈನ್ ಕೆಟ್ಟಿದೆ ಎಂದು ಒಪ್ಪಿದಂತೆ. ಒಪ್ಪಿದರೆ ಕೆಡಿಸಿದವರು ಯಾರೆಂಬ ಪ್ರಶ್ನೆ ಏಳುತ್ತದೆ. "ಅಮೃತ!" ಎಂದ ಅಣ್ಣ. "ಅಪ್ಪನ ಕೈಗುಣ" ಎಂದ ತಮ್ಮ. ಕಣ್ಣಲ್ಲಿ ನೀರು ಬಂದದ್ದು ಅಪ್ಪನ ನೆನಪಿಗೆ ಎಂದು ನೆಂಟರು ತಿಳಿದರು. ಗಂಡಿನ ತಂದೆಗೆ ಒಂದು ಗುಟುಕಿಗೇ ಗಂಟಲು ಸುಟ್ಟಿತು. ಆದರೆ ತನಗೆ ವೈನಿನ ರುಚಿ ಗೊತ್ತೋ ಇಲ್ಲವೋ ಎಂದು ಇವರು ಪರೀಕ್ಷೆ ಮಾಡುತ್ತಿರಬಹುದು ಎಂಬ ಗುಮಾನಿ ಅವನದು. "ಇಂಥದ್ದನ್ನು ನಾನು ಜನ್ಮದಲ್ಲಿ ಕುಡಿದಿಲ್ಲ" ಎಂದ. ಅದು ನಿಜವೇ ಆಗಿತ್ತು. ಯಜಮಾನರೇ ಹೊಗಳಿದ ಮೇಲೆ ಗುಡ್ಡದ ಮೇಲಿದ್ದವರೆಲ್ಲ ಕುಡಿದರು, ಒಬ್ಬರ ಮುಖವೂ ಅಲುಗಲಿಲ್ಲ.

ಬಾಸ್ತಿಯಾನ ಮಾತ್ರ ಅವಳ ಕಿವಿಯ ಹತ್ತಿರ ಬಗ್ಗಿ, "ಹಸಿ ಸೊಪ್ಪಿನ ಮೇಲೆ ಸುರಿದುಕೊಂಡರೆ ಚೆನ್ನಾಗಿರುತ್ತೆ ಕಣೇ" ಎಂದ.

"ಗೊತ್ತು. ಮುಖ ಕಿವುಚಬೇಡ."

ಊಟ ಮುಗಿದು ಉಡುಗೊರೆ ಕೊಡುವ ಹೊತ್ತಿಗೆ ಎರ್ಸಿಲಿಯಾ ಎರಡು ಕೀಲಿಕೈಗಳನ್ನು ಕೇಳಿದಳು. ಮೊದಲು ಅವನು ಕೊಡಲಿ ಎಂದು ಇಬ್ಬರೂ ಕಾದರು. "ಹಾಗಾದರೆ ಇನ್ನೊಂದು ಸುತ್ತು ಬಡಿಸುತ್ತೇನೆ" ಎಂದು ಅವಳು ಹೂಜಿ ಎತ್ತಿದ್ದೇ ತಡ, ಎರಡೂ ಕೀಲಿಕೈಗಳು ಒಟ್ಟಿಗೇ ಅವಳ ಮಡಿಲಿಗೆ ಬಿದ್ದವು ಎನ್ನುತ್ತಾರೆ. ಅಂದಿನಿಂದ ಕೀಲಿಕೈ ಈ ಮನೆಯ ಹೆಣ್ಣುಮಕ್ಕಳದು. ಅಣ್ಣತಮ್ಮಂದಿರು ಮಾತ್ರ ಬಾಗಿಲು ಕಾಣುವ ಕಡೆಯೇ ತಮ್ಮನ್ನು ಹೂಳಬೇಕೆಂದು ಬೇರೆಬೇರೆಯಾಗಿ ಮಾತು ತೆಗೆದುಕೊಂಡು ಸತ್ತರು.

ಇಂದು ಗುಡ್ಡ ಹತ್ತಿ ಬಂದವರ ಕೈಗೆ ಮನೆಯಾಕೆ ಏನೂ ಹೇಳದೆ ಮೊದಲೊಂದು ಪುಟ್ಟ ಲೋಟ ವಿನೆಗರ್ ಕೊಟ್ಟು ಮುಖವನ್ನೇ ನೋಡುತ್ತಾಳೆ. ಬಂದವರು ಪಕ್ಕದವರನ್ನು ಓರೆಗಣ್ಣಿನಿಂದ ನೋಡಿ, ಬಹಳ ಚೆನ್ನಾಗಿದೆ ಎನ್ನುತ್ತಾರೆ. ಒಳಗೆ ಪೀಪಾಯಿಗಳಲ್ಲಿ ವೈನ್ ಇಂದಿಗೂ ಇಳಿಯುತ್ತದೆ. ಅನುಮಾನಪಡಲು ಈಗ ಯಾರೂ ಉಳಿದಿಲ್ಲವಾದ್ದರಿಂದ ವಾರವಾರವೂ ತುಂಬಿಸುತ್ತಾರೆ.